ಏಳಲೊಲ್ಲದ ಯಂತ್ರ

ಮಲಗಿದವರನ್ನು ಎಬ್ಬಿಸಬಹುದು, ಮಲಗಿದಂತೆ ನಟಿಸುವವರನ್ನು ಎಬ್ಬಿಸಲಾಗದು ಎಂಬ ಮಾತು ನಮ್ಮಲ್ಲಿ ಪ್ರಸಿದ್ಧವಾದದ್ದು. ಈ ಎರಡು ವರ್ಗಕ್ಕೂ ಸೇರದ ಮೂರನೆಯದೊಂದು ಉಂಟೆಂಬುದು ನನಗೆ ತಿಳಿದದ್ದು ಕಳೆದ ಮಳೆಗಾಲದ ಒಂದು ಬೆಳಗ್ಗೆ. ಎಂದಿನಂತೆ ಮೇಜಿನ ಮುಂದೆ ಕುಳಿತು ಲ್ಯಾಪ್‌ಟಾಪಿನ ಗುಂಡಿಯನ್ನೊತ್ತಿದೆ. ಪುಟ್ಟ ದೀಪ ಹತ್ತಿತು. ಒಳಗಿನ ಫ್ಯಾನು ತಿರುಗುವ ಸದ್ದೂ ಕೇಳಿಸಿತು. ಆದರೆ ಪರದೆ ಮಾತ್ರ ಅಮಾವಾಸ್ಯೆಯ ಆಕಾಶದಂತೆ ಕಪ್ಪಾಗಿಯೇ ಉಳಿಯಿತು. ಉಸಿರಾಟವಿದೆ, ಎಚ್ಚರವಿಲ್ಲ. ಆರಿಸಿ ಹೊತ್ತಿಸಿದೆ, ಮತ್ತೆ ಆರಿಸಿ ಮತ್ತೆ ಹೊತ್ತಿಸಿದೆ. ನಡುವೆ ಒಮ್ಮೆ ಮನೆದೇವರ ಹೆಸರನ್ನೂ ಹೇಳಿದೆನೆಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ಪರದೆ ಬೆಳಗಲಿಲ್ಲ.

ಯಂತ್ರ ಹಳೆಯದು, ಹೋದರೆ ಹೋಗಲಿ ಎನ್ನಬಹುದಾಗಿತ್ತು. ಆದರೆ ಅದರೊಳಗೆ ನಾನು ಆರು ವರ್ಷಗಳಿಂದ ಕೂಡಿಸುತ್ತ ಬಂದಿದ್ದ ಪದಕೋಶವೊಂದಿತ್ತು. ರಜಾದಿನಗಳಲ್ಲಿ ಹಳ್ಳಿಗಳಿಗೆ ಹೋಗಿ, ಬಡಗಿಗಳ ಮತ್ತು ಕಮ್ಮಾರರ ಜಗುಲಿಯ ಮೇಲೆ ಕುಳಿತು, ನೇಗಿಲು, ಕುಂಟೆ, ಕೂರಿಗೆ, ಎತ್ತಿನ ಗಾಡಿಗಳ ಅಂಗೋಪಾಂಗಗಳ ಹೆಸರುಗಳನ್ನು ಕೇಳಿ ಬರೆದುಕೊಂಡದ್ದು. ನನಗೆ ಹೇಳಿಕೊಟ್ಟ ಹಿರಿಯರಲ್ಲಿ ಇಬ್ಬರು ಈಗ ಇಲ್ಲ. ಅವರ ಮಕ್ಕಳು ಬೇರೆ ಕಸುಬು ಹಿಡಿದಿದ್ದಾರೆ. ಈ ಬರಹಕ್ಕೆ ಇನ್ನೊಂದು ಪ್ರತಿ ಇತ್ತೇ ಎಂದು ವಾಚಕರು ಕೇಳಬಹುದು. ಇರಲಿಲ್ಲ. ಹಸ್ತಪ್ರತಿಶಾಸ್ತ್ರವನ್ನು ತರಗತಿಯಲ್ಲಿ ಪಾಠ ಹೇಳುವ ನಾನು, ನನ್ನದೇ ಬರಹಕ್ಕೆ ಒಂದು ಪ್ರತಿ ಮಾಡಿಟ್ಟುಕೊಂಡಿರಲಿಲ್ಲ.

ಯಂತ್ರವನ್ನು ಕಂಕುಳಲ್ಲಿಟ್ಟುಕೊಂಡು ರಿಪೇರಿ ಅಂಗಡಿಗೆ ಓಡಿದೆ. ಅಲ್ಲಿದ್ದ ತರುಣ ಅದನ್ನು ಮುಟ್ಟುವ ಮೊದಲು ನನ್ನನ್ನೇ ಒಂದು ಪ್ರಶ್ನೆ ಕೇಳಿದ: "ಎಲ್ಲೀತನಕ ಬಂದು ನಿಲ್ಲುತ್ತೆ ಸಾರ್?" ನನಗೆ ಅರ್ಥವಾಗಲಿಲ್ಲ. ಏಳುವುದು ಅಥವಾ ಏಳದಿರುವುದು, ಇವೆರಡೇ ಸ್ಥಿತಿಗಳೆಂದು ನಾನು ತಿಳಿದಿದ್ದೆ. ಅವನು ನಕ್ಕು, ಸಂಜೆ ಬರಲು ಹೇಳಿದ. ಆ ಹಗಲು ಕಳೆಯುವುದು ಹೇಗೆಂದು ತಿಳಿಯದೆ ಗ್ರಂಥಾಲಯದಲ್ಲಿ ಕುಳಿತು ಅವನ ಪ್ರಶ್ನೆಯನ್ನು ಹಿಂಬಾಲಿಸಿದೆ. ಒಂದು ಹಗಲಿಗೆ ಮುಗಿಯುವ ದಾರಿ ಅದಾಗಿರಲಿಲ್ಲ. ಮುಂದೆ ಹಲವು ವಾರ ಅದೇ ಓದಾಯಿತು. ಯಂತ್ರಗಳು ಎಚ್ಚರಗೊಳ್ಳುವುದಕ್ಕೂ ಒಂದು ಚರಿತ್ರೆಯಿದೆ. ಅದನ್ನು ಬಲ್ಲವನಿಗೆ, ಏಳದ ಯಂತ್ರ ಯಾವ ಮೆಟ್ಟಿಲಲ್ಲಿ ಕುಳಿತುಬಿಟ್ಟಿದೆಯೆಂದು ಊಹಿಸುವುದು ಅಷ್ಟು ಕಷ್ಟವಲ್ಲ.

ಮೊದಲು ತೊಡಕು ಏನೆಂದು ನೋಡೋಣ. ಗಣಕಯಂತ್ರಕ್ಕೆ ಸ್ವಂತ ಬುದ್ಧಿಯಿಲ್ಲ; ಆಜ್ಞೆ ಕೊಟ್ಟಷ್ಟನ್ನೇ ಮಾಡುತ್ತದೆ. ಆಜ್ಞೆಗಳೆಲ್ಲ ಇರುವುದು ಡಿಸ್ಕಿನಲ್ಲಿ. ಡಿಸ್ಕಿನಿಂದ ಅವನ್ನು ಓದಿಕೊಳ್ಳುವುದೂ ಒಂದು ಕೆಲಸವಷ್ಟೆ. ಅದಕ್ಕೂ ಆಜ್ಞೆ ಬೇಕು. ಆ ಆಜ್ಞೆಯನ್ನು ತರುವವರು ಯಾರು? ಎಷ್ಟು ಪಳಗಿದ ನಟನಾದರೂ ತನ್ನ ಹೆಗಲನ್ನು ತಾನೇ ಏರಲಾರನೆಂಬ ದೃಷ್ಟಾಂತ ನಮ್ಮ ವೇದಾಂತ ಭಾಷ್ಯಗಳಲ್ಲಿ ಬರುತ್ತದೆ. ಪಶ್ಚಿಮದವರಲ್ಲಿಯೂ ಇಂಥದೇ ಮಾತುಂಟು. ಬೂಟಿನ ಹಿಂಬದಿಯಲ್ಲಿ, ಕಾಲು ತೂರಿಸುವಾಗ ಹಿಡಿದೆಳೆಯಲೆಂದು ಒಂದು ಪಟ್ಟಿ ಇರುತ್ತದೆ; ಅದಕ್ಕೆ ಬೂಟ್‌ಸ್ಟ್ರ್ಯಾಪ್ ಎಂದು ಹೆಸರು. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲೆತ್ತಿಕೊಳ್ಳುವುದೆಂದರೆ ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಅಸಾಧ್ಯ ಕಾರ್ಯಕ್ಕೆ ಹೇಳುತ್ತಿದ್ದ ಪರಿಹಾಸ್ಯದ ನುಡಿ. 1950ರ ದಶಕದಲ್ಲಿ ಗಣಕಶಾಸ್ತ್ರದವರು ಈ ನುಡಿಯನ್ನು ಎತ್ತಿಕೊಂಡರು. ಅದು ಸವೆದು ಸವೆದು ಇಂದು ‘ಬೂಟ್’ ಆಗಿ ಉಳಿದಿದೆ. ಯಂತ್ರ ‘ಬೂಟ್ ಆಗುತ್ತಿಲ್ಲ’ ಎಂದು ಅಂಗಡಿಯ ಹುಡುಗ ಹೇಳುವಾಗ, ಅದಕ್ಕೆ ತನ್ನ ಹೆಗಲನ್ನು ತಾನೇ ಏರಲಾಗುತ್ತಿಲ್ಲ ಎಂದೇ ಹೇಳುತ್ತಿರುತ್ತಾನೆ.

ಮೊದಮೊದಲ ಯಂತ್ರಗಳಿಗೆ ಈ ತೊಡಕೇ ಇರಲಿಲ್ಲ. ಏಕೆಂದರೆ ಅಲ್ಲಿ ಹೆಗಲು ಕೊಡಲು ಮನುಷ್ಯರಿದ್ದರು. 1946ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಲೋಕಕ್ಕೆ ಪರಿಚಯವಾದ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ರೇಡಿಯೊ ಕವಾಟಗಳಿದ್ದವು. ಅದಕ್ಕೆ ಒಂದು ಲೆಕ್ಕವನ್ನು ಒಪ್ಪಿಸಬೇಕಾದರೆ ತಂತಿಗಳನ್ನು ಕಿತ್ತು ಬೇರೆಡೆ ಸಿಕ್ಕಿಸಿ, ಸ್ವಿಚ್ಚುಗಳನ್ನು ತಿರುವಿ ಸಿದ್ಧಪಡಿಸಬೇಕಾಗಿತ್ತು. ಇದಕ್ಕೇ ದಿನಗಟ್ಟಲೆ ಹಿಡಿಯುತ್ತಿತ್ತು. ಆ ಕೆಲಸ ಮಾಡಿದವರು ಗಣಿತ ಬಲ್ಲ ಆರು ಮಂದಿ ಹೆಂಗಸರು. ಯಂತ್ರ ತಪ್ಪಿದರೆ, ತಪ್ಪಿದ ಕವಾಟ ಯಾವುದೆಂದು ಹುಡುಕಿ ತೋರಿಸುವಷ್ಟು ಅದರ ಒಳಹೊರಗನ್ನು ಅವರು ಅರಿತಿದ್ದರು. ಕವಾಟಗಳು ಹೆಚ್ಚಾಗಿ ಸುಡುತ್ತಿದ್ದುದು ಯಂತ್ರವನ್ನು ಹೊತ್ತಿಸುವಾಗ ಮತ್ತು ಆರಿಸುವಾಗ, ಬಿಸಿ ಏರಿಳಿಯುವ ಹೊತ್ತಿನಲ್ಲಿ. ಇದನ್ನು ಕಂಡುಕೊಂಡ ಮೇಲೆ ಅವರು ಹೂಡಿದ ಉಪಾಯ ಬಹು ಸರಳವಾದದ್ದು: ಆರಿಸುವುದನ್ನೇ ಬಿಟ್ಟರು. 1947ರ ಜುಲೈ 29ರಂದು ಹೊಸ ಜಾಗದಲ್ಲಿ ಹೊತ್ತಿಸಿದ ಎನಿಯಾಕ್, 1955ರ ಅಕ್ಟೋಬರ್ 2ರವರೆಗೆ ಹೆಚ್ಚುಕಡಮೆ ಸತತವಾಗಿ ಉರಿಯಿತು. ಏಳುವುದೇ ಕಷ್ಟವಾದವನಿಗೆ ಮಲಗಗೊಡದಿರುವುದೇ ಮದ್ದು!

ತಂತಿ ಕೀಳುವ ಈ ಕಷ್ಟವನ್ನು ತಪ್ಪಿಸಲು, ಆಜ್ಞೆಗಳನ್ನೂ ಅಂಕಿಗಳಂತೆ ಯಂತ್ರದ ಸ್ಮೃತಿಯಲ್ಲಿಯೇ ಇಡಬೇಕೆಂಬ ವಿಚಾರ ಬಂತು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1948ರ ಜೂನ್ 21ರಂದು ಇಂಥ ಮೊದಲ ಯಂತ್ರ ಒಂದು ಲೆಕ್ಕವನ್ನು ಸರಿಯಾಗಿ ಮಾಡಿ ಮುಗಿಸಿತು. ಅದಕ್ಕೆ ಕೊಟ್ಟದ್ದು 17 ಆಜ್ಞೆಗಳು. ಲೆಕ್ಕಕ್ಕೆ ಹಿಡಿದದ್ದು 52 ನಿಮಿಷ. ಆ 17 ಆಜ್ಞೆಗಳನ್ನು ಸ್ವಿಚ್ಚುಗಳ ಮೂಲಕ ಕೈಯಾರೆ ತುಂಬಿಸಬೇಕಾಗಿತ್ತು. ಹದಿನೇಳಾದರೆ ಸರಿ, ಸಾವಿರವಾದರೆ? ಅಂಥ ಯಂತ್ರಕ್ಕೆ ವಿದ್ಯುತ್ತು ಹೋದರೆ ನೆನಪೂ ಹೋಗುತ್ತಿತ್ತು. ನಿತ್ಯವೂ ಹಸುಗೂಸಾಗಿಯೇ ಹುಟ್ಟುವ ವಿದ್ಯಾರ್ಥಿಗೆ ದಿನಾ ಅಕ್ಷರಾಭ್ಯಾಸ ಮಾಡಿಸುವ ಉಪಾಧ್ಯಾಯನ ಪಾಡನ್ನು ಊಹಿಸಿಕೊಳ್ಳಿ.

ಈ ಗಂಟನ್ನು ಬಿಡಿಸಿದ ಕೀರ್ತಿಯಲ್ಲಿ ದೊಡ್ಡ ಪಾಲು ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಡೇವಿಡ್ ವ್ಹೀಲರ್‌ಗೆ ಸಲ್ಲಬೇಕು. ಆಗ ಅವರು ಇಪ್ಪತ್ತೆರಡು ವಯಸ್ಸಿನ ಸಂಶೋಧನ ವಿದ್ಯಾರ್ಥಿ. ಮಾರಿಸ್ ವಿಲ್ಕ್ಸ್‌ರವರ ನೇತೃತ್ವದಲ್ಲಿ ಅಲ್ಲಿ ಕಟ್ಟಿದ ಎಡ್ಸಾಕ್ ಎಂಬ ಯಂತ್ರ 1949ರ ಮೇ 6ರಂದು ಮೊದಲ ಬಾರಿಗೆ ಕೆಲಸ ಮಾಡಿ, ಸಂಖ್ಯೆಗಳ ವರ್ಗಗಳ ಒಂದು ಪಟ್ಟಿಯನ್ನು ಅಚ್ಚು ಹಾಕಿತು. ಅದಕ್ಕಾಗಿ ವ್ಹೀಲರ್ ಬರೆದುಕೊಟ್ಟದ್ದು ಕೇವಲ 31 ಆಜ್ಞೆಗಳ ಒಂದು ಮಾಲೆ. ‘ಆದಿ ಆಜ್ಞೆಗಳು’ ಎಂದು ಅದನ್ನು ಕರೆಯಬಹುದು. ಟೆಲಿಫೋನ್ ಕೇಂದ್ರಗಳಲ್ಲಿ ಬಳಕೆಯಲ್ಲಿದ್ದ ಒಂದು ಬಗೆಯ ತಿರುಗು ಸ್ವಿಚ್ಚುಗಳಲ್ಲಿ ಆ ಆಜ್ಞೆಗಳನ್ನು ತಂತಿಯಿಂದಲೇ ಹೆಣೆದುಬಿಟ್ಟಿದ್ದರು. ವಿದ್ಯುತ್ತು ಹೋದರೂ ಅವು ಅಳಿಯುವಂತಿರಲಿಲ್ಲ. ಪ್ರಾರಂಭದ ಗುಂಡಿಯನ್ನೊತ್ತಿದರೆ ಸಾಕು; ಆ ಮೂವತ್ತೊಂದೂ ಸ್ಮೃತಿಗೆ ಬಂದು ಕೂರುತ್ತಿದ್ದವು. ಬಳಿಕ ಅವೇ, ತೂತು ಕೊರೆದ ಕಾಗದದ ಪಟ್ಟಿಯಿಂದ ಉಳಿದ ಆಜ್ಞೆಗಳನ್ನೆಲ್ಲ ಓದಿ ಒಳಗೆ ಸಾಲಾಗಿರಿಸಿ, ಕೊನೆಗೆ ಅಧಿಕಾರವನ್ನು ಅವುಗಳಿಗೆ ಒಪ್ಪಿಸಿ ಹಿಂದೆ ಸರಿಯುತ್ತಿದ್ದವು. ಎತ್ತಿನ ಗಾಡಿಯ ಗಾಲಿ ಅಚ್ಚಿನಿಂದ ಕಳಚದಂತೆ ತಡೆಯುವ ಕಡಾಣಿ ಎಷ್ಟು ಚಿಕ್ಕದು! ಆದರೂ ಅದಿಲ್ಲದೆ ಗಾಡಿ ಊರ ಬಾಗಿಲನ್ನೂ ದಾಟದು. ಇಂದು ನಮ್ಮ ನಿಮ್ಮ ಮನೆಯ ಲ್ಯಾಪ್‌ಟಾಪು ಎಚ್ಚರಗೊಳ್ಳುವುದೂ ಆ 31 ಆಜ್ಞೆಗಳು ಹಾಕಿಕೊಟ್ಟ ಮೇಲ್ಪಂಕ್ತಿಯಲ್ಲಿಯೇ: ಚಿಕ್ಕದು ದೊಡ್ಡದನ್ನು ಕರೆತರುವುದು, ದೊಡ್ಡದು ಇನ್ನೂ ದೊಡ್ಡದನ್ನು.

ಆದರೆ ವಿದ್ಯೆ ಎಲ್ಲ ಕಡೆಗೂ ಏಕಕಾಲದಲ್ಲಿ ಹರಡುವುದಿಲ್ಲ. ಎಡ್ಸಾಕ್ ಬಂದು ಕಾಲು ಶತಮಾನ ಕಳೆದ ಮೇಲೂ ಅಗ್ಗದ ಯಂತ್ರಗಳಲ್ಲಿ ಮೊದಲ ಹೆಜ್ಜೆಯನ್ನು ಕೈಯಿಂದಲೇ ಇಡಿಸಬೇಕಾಗಿತ್ತು. 1975ರ ಜನವರಿಯಲ್ಲಿ ಅಮೆರಿಕದ ಪತ್ರಿಕೆಯೊಂದರ ಮುಖಪುಟದಲ್ಲಿ ಕಾಣಿಸಿಕೊಂಡ ಆಲ್ಟೇರ್ 8800 ಎಂಬ ಯಂತ್ರಕ್ಕೆ ಕೀಲಿಮಣೆಯೂ ಇರಲಿಲ್ಲ, ಪರದೆಯೂ ಇರಲಿಲ್ಲ. ಮುಂಭಾಗದಲ್ಲಿ ಒಂದಷ್ಟು ಸ್ವಿಚ್ಚು, ಒಂದಷ್ಟು ಕೆಂಪು ದೀಪ, ಅಷ್ಟೆ. ಪಾಲ್ ಆಲನ್ ಮತ್ತು ಬಿಲ್ ಗೇಟ್ಸ್ ಎಂಬ ಇಬ್ಬರು ತರುಣರು ಆ ಯಂತ್ರವನ್ನು ಕಣ್ಣಿಂದಲೂ ಕಾಣದೆ, ಇನ್ನೊಂದು ದೊಡ್ಡ ಯಂತ್ರದಲ್ಲಿ ಅದರ ಅನುಕರಣೆ ಮಾಡಿಕೊಂಡು ಅದಕ್ಕೆ ಬೇಸಿಕ್ ಭಾಷೆಯನ್ನು ಬರೆದರು. ಅದನ್ನು ಕಾಗದದ ಪಟ್ಟಿಯಲ್ಲಿ ಹಿಡಿದುಕೊಂಡು ಆಲನ್ ವಿಮಾನದಲ್ಲಿ ಆಲ್ಬುಕರ್ಕಿಗೆ ಹೊರಟರು. ವಿಮಾನ ಇಳಿಯುವ ಹೊತ್ತಿಗೆ ಅವರಿಗೆ ಎದೆ ಧಸಕ್ಕೆಂದಿತು: ಪಟ್ಟಿಯನ್ನು ಓದಿಕೊಳ್ಳೆಂದು ಯಂತ್ರಕ್ಕೆ ಹೇಳುವ ಆದಿ ಆಜ್ಞೆಗಳನ್ನೇ ಬರೆದಿರಲಿಲ್ಲ! ಕುಳಿತಲ್ಲಿಯೇ ಕಾಗದದ ಮೇಲೆ ಬರೆದರು. ಮರುದಿನ ಅವನ್ನು ಸ್ವಿಚ್ಚುಗಳಿಂದ ಒಂದೊಂದಾಗಿ ತುಂಬಿಸಿದರು, ಪಟ್ಟಿ ನಿಧಾನವಾಗಿ ಓಡಿತು, ಯಂತ್ರ ಎಚ್ಚರಗೊಂಡಿತು. ಎರಡಕ್ಕೆ ಎರಡು ಕೂಡಿಸೆಂದರೆ ನಾಲ್ಕು ಎಂದಿತು. ಆ ಕೆಲವು ಸಾಲುಗಳಲ್ಲಿ ಒಂದು ಅಂಕಿ ತಪ್ಪಿದ್ದರೂ ಅಂದಿನ ಕತೆ ಬೇರೆಯಾಗುತ್ತಿತ್ತು.

1981ರ ಆಗಸ್ಟ್ 12ರಂದು ಐಬಿಎಂ ಸಂಸ್ಥೆ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಆದಿ ಆಜ್ಞೆಗಳು ಅಳಿಯದ ಚಿಪ್ಪಿನೊಳಗೆ ಸೇರಿಕೊಂಡಿದ್ದವು. ಬಯಾಸ್ ಎಂದು ಅವುಗಳ ಹೆಸರು. ಗುಂಡಿಯನ್ನೊತ್ತಿದೊಡನೆ ಬಯಾಸ್ ಮೊದಲು ತನ್ನ ಮೈಯನ್ನು ತಾನೇ ತಡವಿ ನೋಡಿಕೊಳ್ಳುತ್ತದೆ: ಸ್ಮೃತಿ ಇದೆಯೆ, ಕೀಲಿಮಣೆ ಇದೆಯೆ, ಪರದೆ ಇದೆಯೆ? ಎಲ್ಲವೂ ನೆಟ್ಟಗಿದ್ದರೆ ಆ ಯಂತ್ರ ಒಂದು ಚಿಕ್ಕ ‘ಬೀಪ್’ ಸದ್ದು ಮಾಡುತ್ತಿತ್ತು. ಪರದೆಯೇ ಕೆಟ್ಟಿದ್ದರೆ ಹೇಳುವುದು ಹೇಗೆ? ಅದಕ್ಕೆ ಬೇರೆ ಬೇರೆ ಬಗೆಯ ಸದ್ದುಗಳು ಗೊತ್ತಾಗಿದ್ದವು. ಮಾತು ಬಾರದ ಮಗುವಿನ ಅಳುವಿನಲ್ಲಿಯೇ ತಾಯಿ ಹಸಿವೆಯನ್ನೂ ಹೊಟ್ಟೆನೋವನ್ನೂ ಬೇರ್ಪಡಿಸುವಂತೆ, ಬಲ್ಲವರು ಆ ಸದ್ದನ್ನೆಣಿಸಿ ರೋಗವನ್ನು ಹೇಳುತ್ತಿದ್ದರು. ಇಂದಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಸದ್ದಿನ ಬದಲು ಒಂದು ಪುಟ್ಟ ದೀಪ ಇಂತಿಷ್ಟು ಸಲ ಮಿನುಗುತ್ತದೆ.

ತಪಾಸಣೆ ಮುಗಿದ ಮೇಲೆ ಬಯಾಸ್ ಡಿಸ್ಕಿನ ಮೊದಲ ತುಣುಕನ್ನು ಓದುತ್ತಿತ್ತು. ಆ ತುಣುಕು 512 ಬೈಟುಗಳಷ್ಟು ಮಾತ್ರ. ಮುಂದೆ ರೂಢಿಗೆ ಬಂದ ಕ್ರಮದಂತೆ ಅದರ ಕೊನೆಯಲ್ಲಿ ಎರಡು ಬೈಟಿನ ಒಂದು ಗುರುತಿರಬೇಕು. ವಚನದ ಕೊನೆಗೆ ಅಂಕಿತವಿದ್ದ ಹಾಗೆ. ಅಂಕಿತ ಕಂಡರೆ ಯಂತ್ರ ನಂಬಿ ಅಧಿಕಾರವನ್ನು ಒಪ್ಪಿಸುತ್ತಿತ್ತು. ನಂಬಿಕೆ ಇದ್ದಲ್ಲಿ ವಂಚನೆಯೂ ಇರುವುದಷ್ಟೆ. 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ಬರೆದ ‘ಬ್ರೇನ್’ ಎಂಬ ವೈರಸ್ಸು ಫ್ಲಾಪಿಯ ಆ ಮೊದಲ ತುಣುಕಿನಲ್ಲಿಯೇ ಮನೆ ಮಾಡಿತು. ಯಂತ್ರ ಕಣ್ಣು ಬಿಡುವ ಮೊದಲೇ ಅದು ಒಳಗಿರುತ್ತಿತ್ತು. ಇದಕ್ಕಿಂತಲೂ ಆಳಕ್ಕೆ ಹೋದದ್ದು 1998ರಲ್ಲಿ ತೈವಾನಿನಿಂದ ಹೊರಟ ಸಿಐಎಚ್ ವೈರಸ್ಸು. ಆ ವೇಳೆಗೆ ಬಯಾಸನ್ನು ತಿದ್ದಿ ಬರೆಯಬಹುದಾದ ಚಿಪ್ಪುಗಳಲ್ಲಿ ಇಡುವ ರೂಢಿ ಬಂದಿತ್ತು. 1999ರ ಏಪ್ರಿಲ್ 26ರಂದು ಅದು ಏಷ್ಯದ ಅಸಂಖ್ಯಾತ ಯಂತ್ರಗಳಲ್ಲಿ ಡಿಸ್ಕನ್ನು ಹಾಳುಗೆಡವಿತು. ಅನೇಕ ಯಂತ್ರಗಳಲ್ಲಿ ಆ ಆದಿ ಆಜ್ಞೆಗಳನ್ನೇ ಅಳಿಸಿಬಿಟ್ಟಿತು. ಆದಿಯೇ ಅಳಿದ ಯಂತ್ರಕ್ಕೆ ಗುಂಡಿಯೊತ್ತಿ ಪ್ರಯೋಜನವೇನು? ಚಿಪ್ಪನ್ನೇ ಬದಲಿಸಬೇಕಾಯಿತು, ಇಲ್ಲವೆ ಹೊರಗೆ ತೆಗೆದು ಬೇರೊಂದು ಉಪಕರಣದಿಂದ ಮತ್ತೆ ಬರೆಯಬೇಕಾಯಿತು.

ಬಯಾಸಿನ ಸ್ಥಾನಕ್ಕೆ ಈಚಿನ ಯಂತ್ರಗಳಲ್ಲಿ ಯುಇಎಫ್‌ಐ ಎಂಬ ಹೊಸ ವ್ಯವಸ್ಥೆ ಬಂದಿದೆ. ಒಳಗೆ ಬರುವವರ ರುಜುವನ್ನು ಅದು ಪರೀಕ್ಷಿಸಬಲ್ಲದು. ಆದರೆ ಮೆಟ್ಟಿಲುಗಳ ಕ್ರಮ ಹಿಂದಿನದೇ. ಆದಕಾರಣ ಏಳದ ಯಂತ್ರದ ಪರೀಕ್ಷೆಯೂ ಆ ಕ್ರಮವನ್ನೇ ಅನುಸರಿಸಬೇಕು. ದೀಪವೇ ಹತ್ತದಿದ್ದರೆ ದೋಷ ವಿದ್ಯುತ್ತಿನದು: ಗೋಡೆಯ ಸಾಕೆಟ್ಟು, ಚಾರ್ಜರು, ಬ್ಯಾಟರಿ, ಈ ಅನುಕ್ರಮದಲ್ಲಿ ನೋಡಬೇಕು, ಚಾರ್ಜರನ್ನು ಕಳಚಿ, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ಬಿಟ್ಟರೆ ಒಳಗೆ ಉಳಿದ ವಿದ್ಯುತ್ತು ಬಸಿದುಹೋಗಿ ಎಷ್ಟೋ ಯಂತ್ರಗಳು ಏಳುವುದುಂಟು. ದೀಪ ಹತ್ತಿ ಪರದೆ ಕಪ್ಪಾಗಿದ್ದರೆ ಇನ್ನೊಂದು ಪರದೆಯನ್ನು ಜೋಡಿಸಿ ನೋಡಬೇಕು. ಅದರಲ್ಲಿಯೂ ಏನೂ ಕಾಣದಿದ್ದರೆ ಯಂತ್ರ ಸ್ವಪರೀಕ್ಷೆಯಲ್ಲಿಯೇ ನಪಾಸಾಗಿದೆ, ರ‍್ಯಾಮ್ ಎಂಬ ಸ್ಮೃತಿಯ ಹಲಗೆಯ ಮೇಲೆ ಸಂಶಯ ಪಡಬೇಕು. ತಯಾರಕರ ಚಿಹ್ನೆ ಮೂಡಿ ಅಲ್ಲಿಗೇ ನಿಂತರೆ ಡಿಸ್ಕು ಸಿಗುತ್ತಿಲ್ಲವೆಂದು ಊಹಿಸಬಹುದು. ವಿಂಡೋಸ್ ಅರ್ಧ ಬಂದು ಮುಗ್ಗರಿಸಿದರೆ, ಕೊನೆಯದಾಗಿ ಏನನ್ನು ಒಳಗೆ ಸೇರಿಸಿದಿರಿ ಎಂಬುದನ್ನು ನೆನಪಿಗೆ ತಂದುಕೊಳ್ಳಬೇಕು. ಹೊಸಬರನ್ನು ಹೊರಗಿಟ್ಟು ಅತ್ಯಗತ್ಯವಾದವರನ್ನು ಮಾತ್ರ ಕರೆಯುವ ‘ಸೇಫ್ ಮೋಡ್’ ಎಂಬ ದಾರಿ ಇರುವುದು ಇದಕ್ಕಾಗಿಯೇ.

ಇದನ್ನೆಲ್ಲ ಸಾಮಾನ್ಯರು ತಿಳಿದು ಆಗಬೇಕಾದ್ದೇನು ಎಂದು ಕೇಳಬಹುದು. 2024ರ ಜುಲೈ 19ರ ಶುಕ್ರವಾರವನ್ನು ನೆನಪಿಸಿಕೊಳ್ಳೋಣ. ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಸಂಸ್ಥೆ ಅಂದು ಕಳುಹಿಸಿದ ಚಿಕ್ಕ ಕಡತವೊಂದರಲ್ಲಿ ದೋಷವಿತ್ತು. ತಪ್ಪನ್ನು ಕಂಡು 78 ನಿಮಿಷಗಳಲ್ಲಿ ಹಿಂದೆಗೆದುಕೊಂಡರು. ಅಷ್ಟರಲ್ಲಿ, ಮೈಕ್ರೋಸಾಫ್ಟಿನ ಅಂದಾಜಿನಂತೆ, 85 ಲಕ್ಷ ಯಂತ್ರಗಳು ನೆಲಕ್ಕೊರಗಿದ್ದವು. ಏಳುವುದು, ಆ ಕಡತವನ್ನು ಮುಟ್ಟುವುದು, ಬೀಳುವುದು. ಮತ್ತೆ ಏಳುವುದು, ಮತ್ತೆ ಬೀಳುವುದು. ಆಸ್ಪತ್ರೆಗಳು, ಬ್ಯಾಂಕುಗಳು, ವಿಮಾನ ನಿಲ್ದಾಣಗಳು ತತ್ತರಿಸಿದವು. ಬೆಂಗಳೂರಿನ ನಿಲ್ದಾಣಕ್ಕೂ ಅದರ ಬಿಸಿ ತಟ್ಟಿತು. ನಮ್ಮ ದೇಶದ ಪ್ರಯಾಣಿಕರು ಕೈಬರಹದ ಬೋರ್ಡಿಂಗ್ ಪಾಸು ಹಿಡಿದು ವಿಮಾನ ಹತ್ತಿದರು. ಏಳದ ಯಂತ್ರಕ್ಕೆ ದೂರದಿಂದ ಮದ್ದು ಕಳಿಸುವಂತಿಲ್ಲ. ಒಬ್ಬ ಮನುಷ್ಯ ಒಂದೊಂದು ಯಂತ್ರದ ಮುಂದೆಯೂ ಹೋಗಿ ಕುಳಿತು, ಸೇಫ್ ಮೋಡಿನಲ್ಲಿ ಎಬ್ಬಿಸಿ, ಆ ಕಡತವನ್ನು ಕೈಯಾರೆ ಅಳಿಸಬೇಕಾಯಿತು. ಡಿಸ್ಕಿಗೆ ಬೀಗ ಹಾಕಿದ್ದ ಯಂತ್ರಗಳಲ್ಲಿ ಅದಕ್ಕೂ ಮೊದಲು 48 ಅಂಕಿಗಳ ಕೀಲಿಸಂಖ್ಯೆಯನ್ನು ತುಂಬಿಸಬೇಕಾಯಿತು. ಅದನ್ನು ಏಳದ ಯಂತ್ರದೊಳಗೇ ಬರೆದಿಟ್ಟುಕೊಂಡವರ ಗತಿ ಹೇಳಬೇಕಾದುದಿಲ್ಲ. ಎಪ್ಪತ್ತಾರು ವರ್ಷಗಳ ಹಿಂದೆ ಮ್ಯಾಂಚೆಸ್ಟರಿನಲ್ಲಿ ಸ್ವಿಚ್ಚು ತಿರುವಿದ ಕೈಯೇ ಮತ್ತೆ ಬರಬೇಕಾಯಿತು. ಮೊದಲ ಹೆಜ್ಜೆಯನ್ನು ನಾವು ಚಿಪ್ಪಿನೊಳಗೆ ಅಡಗಿಸಿಟ್ಟಿದ್ದೇವೆಯೇ ಹೊರತು ಅದರಿಂದ ಬಿಡುಗಡೆ ಪಡೆದಿಲ್ಲ.

ಇನ್ನು ನನ್ನ ಯಂತ್ರದ ಸಂಗತಿ. ಸಂಜೆ ಅಂಗಡಿಗೆ ಹೋದಾಗ ತರುಣ ಅದರ ತಳವನ್ನು ಬಿಚ್ಚಿಟ್ಟಿದ್ದ. ಕೀಲಿಮಣೆಯ ಮೂಲೆಯ ದೀಪ ಒಂದು ಲೆಕ್ಕದಲ್ಲಿ ಮಿನುಗಿ ಮಿನುಗಿ ನಿಲ್ಲುತ್ತಿರುವುದನ್ನು ತೋರಿಸಿದ. ಬೆಳಗ್ಗೆಯೂ ಅದು ಹಾಗೆಯೇ ಮಿನುಗಿದ್ದಿರಬೇಕು, ನಾನು ಕಂಡಿರಲಿಲ್ಲ. "ರ‍್ಯಾಮ್ ಇರಬೇಕು ಸಾರ್. ಡಿಸ್ಕು ಬೇರೆ, ಇದು ಬೇರೆ. ಇದು ಏಳದೇ ಹೋದರೂ ಡಿಸ್ಕು ಬಿಚ್ಚಿ ಬೇರೆ ಮಿಷನ್‌ನಲ್ಲಿ ಓದಬಹುದು, ಗಾಬರಿ ಬೇಡ" ಎಂದ. ಆ ಮಾತು ಕೇಳಿ ಅಂದು ಮೊದಲ ಬಾರಿಗೆ ನನಗೆ ಬಾಯಾರಿಕೆಯ ಅರಿವಾಯಿತು. ಬ್ಯಾಟರಿಯ ಸಂಪರ್ಕವನ್ನು ಮೊದಲೇ ಕಳಚಿದ್ದ. ಬೆರಳಗಲದ ಹಸಿರು ಹಲಗೆಯೊಂದನ್ನು ಮೆಲ್ಲಗೆ ಎಬ್ಬಿಸಿ ತೆಗೆದ. ಅದರ ಅಂಚಿನಲ್ಲಿ ಹೊಂಬಣ್ಣದ ಹಲ್ಲುಗಳ ಸಾಲು. ಮಳೆಗಾಲದ ತೇವಕ್ಕೆ ಅವು ಮಸುಕಾಗಿರಬಹುದೆಂದು ಹೇಳಿ, ಮೇಜಿನ ಡ್ರಾಯರಿನಿಂದ ಒಂದು ರಬ್ಬರನ್ನು ತೆಗೆದ. ಶಾಲೆಯ ಮಕ್ಕಳು ಪೆನ್ಸಿಲ್ ಬರಹ ಅಳಿಸುವ ಅದೇ ರಬ್ಬರು! ಹಲ್ಲುಗಳನ್ನು ಎರಡು ಕಡೆಯೂ ಹಗುರವಾಗಿ ಉಜ್ಜಿ, ಪುಡಿಯನ್ನು ಬ್ರಷ್ಷಿನಿಂದ ಕೊಡವಿ, ಹಲಗೆಯನ್ನು ಮತ್ತೆ ಕೂರಿಸಿದ. ಗುಂಡಿಯನ್ನೊತ್ತಿದ. ಕೆಲವು ಕ್ಷಣ ಏನೂ ಇಲ್ಲ. ಆಮೇಲೆ ಪರದೆ ಬೆಳಗಿತು.

ಇಪ್ಪತ್ತು ವರ್ಷಗಳಿಂದ ಅಳಿಸುವುದಕ್ಕೆಂದು ಮಾತ್ರ ನಾನು ತಿಳಿದಿದ್ದ ವಸ್ತು, ಅಂದು ನನ್ನ ಆರು ವರ್ಷದ ಬರಹವನ್ನು ಅಳಿಯದಂತೆ ಉಳಿಸಿತ್ತು. ನಾನು ಕೃತಜ್ಞತೆ ಹೇಳುವಷ್ಟರಲ್ಲಿ ತರುಣ, "ಕಾಪಿ ಇಟ್ಟಿದೀರಾ ಸಾರ್?" ಎಂದು ಕೇಳಿದ. ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯ ವಿಷಯವನ್ನು ಅದೇ ವಾರ ನಾನು ತರಗತಿಯಲ್ಲಿ ಹೇಳಿದ್ದೆ. ಓಲೆ ಹುಳು ಹಿಡಿಯುತ್ತದೆ, ಬೆಂಕಿಗೆ ಸಿಗುತ್ತದೆ, ಆದ್ದರಿಂದ ಒಂದೇ ಪ್ರತಿಯನ್ನು ನಂಬಬಾರದೆಂದು ವಿವರಿಸಿಯೂ ಇದ್ದೆ. ತರುಣನ ಪ್ರಶ್ನೆಗೆ ಉತ್ತರ ಕೊಡದೆ ತಲೆ ತಗ್ಗಿಸಿದೆ.

ಅಂದು ರಾತ್ರಿ ಪದಕೋಶದ ಎರಡು ಪ್ರತಿಗಳನ್ನು ಮಾಡಿ, ಒಂದನ್ನು ಮನೆಯಲ್ಲಿಯೂ ಇನ್ನೊಂದನ್ನು ತಮ್ಮನ ಮನೆಯಲ್ಲಿಯೂ ಇರಿಸಿದೆ. ಹುಳು ತಿನ್ನುವುದೋ ಇಲ್ಲವೋ ಕಾಣೆ, ಮೂರನೆಯದನ್ನು ಕಾಗದದ ಮೇಲೆಯೇ ಅಚ್ಚು ಹಾಕಿಸಿದೆ. ಮಲಗುವ ಮುನ್ನ ‘ಕ’ ಅಕ್ಷರದ ಪುಟವನ್ನು ತೆರೆದು ನೋಡಿದೆ. ಕಡಾಣಿ ಎಂಬ ಪದ ಅಲ್ಲಿಯೇ ಇತ್ತು. ಅದರ ಮುಂದೆ, ಅದನ್ನು ಹೇಳಿಕೊಟ್ಟ ಹಿರಿಯರ ಊರಿನ ಹೆಸರೂ ಇತ್ತು.